ಚೌಕವು ಯಾರದು? ಯೂರೋಪಿನ ನಗರಗಳೂ ಸ್ಕೇಟ್‌ಬೋರ್ಡ್ ಚಿತ್ರಗಳೂ

ಬಾರ್ಸಲೋನ ನಗರದ ರಾವಾಲ್ ಎಂಬ ಹಳೆಯ ಬಡಾವಣೆಯ ಇಕ್ಕಟ್ಟಾದ ಓಣಿಗಳನ್ನು ದಾಟಿ ಬಂದವನಿಗೆ ಒಮ್ಮೆಲೇ ಕಣ್ಣು ಕೋರೈಸುವಂತೆ ಎದುರಾಗುವುದು, ಅಮೆರಿಕದ ವಾಸ್ತುಶಿಲ್ಪಿ ರಿಚರ್ಡ್ ಮೈಯರ್ ಅವರು ರಚಿಸಿದ, 1995ರಲ್ಲಿ ಬಾಗಿಲು ತೆರೆದ ಸಮಕಾಲೀನ ಕಲಾಸಂಗ್ರಹಾಲಯದ ಶ್ವೇತಸೌಧ. ಸಾಯಂಕಾಲದ ಬಿಸಿಲು ಅದರ ಗಾಜಿನ ಗೋಡೆಯ ಮೇಲೆ ಓರೆಯಾಗಿ ಬೀಳುವ ಹೊತ್ತಿಗೆ, ಕಲೆಯನ್ನು ನೋಡಲೆಂದು ಬಂದವರು ಒಳಗಿನಿಂದ ಹೊರಬರುತ್ತಿರುವಾಗಲೇ, ಹೊರಗಿನ ಕಲ್ಲುಹಾಸಿನ ಚೌಕದಲ್ಲಿ ಮತ್ತೊಂದು ಸಭೆ ನೆರೆದಿರುತ್ತದೆ.

ಹಲಗೆಯ ಹಿಂದುಗಡೆಯನ್ನು ನೆಲಕ್ಕೆ ಬಡಿದ ಸದ್ದು, ಕಲ್ಲಿನ ಸಂದುಗಳ ಮೇಲೆ ಗಟ್ಟಿ ಚಕ್ರಗಳು ಉರುಳುವ ಗರಗರ ನಾದ, ಲೋಹವು ಕಟ್ಟೆಯ ಅಂಚನ್ನು ಉಜ್ಜಿಕೊಂಡು ಹೋಗುವ ಕರ್ಕಶ ಧ್ವನಿ ಇವೆಲ್ಲವೂ ಸೇರಿ ಚೌಕವನ್ನು ತುಂಬುತ್ತವೆ. ತರುಣನೊಬ್ಬನು ವೇಗವಾಗಿ ಬಂದು, ನಾಲ್ಕು ಚಕ್ರದ ಹಲಗೆಯೊಡನೆ ಕಟ್ಟೆಯ ಮೇಲೆ ನೆಗೆದು, ಅದರ ಅಂಚಿನಗುಂಟ ಜಾರಿ, ಇಳಿಯುವಾಗ ಆಯತಪ್ಪಿ ಬೀಳುತ್ತಾನೆ, ಏಳುತ್ತಾನೆ, ಮತ್ತೆ ಅಲ್ಲಿಂದಲೇ ಆರಂಭಿಸುತ್ತಾನೆ. ಅವನ ಹಿಂದೆಯೇ, ತಾನೂ ಒಂದು ಹಲಗೆಯನ್ನೇರಿ, ಕ್ಯಾಮೆರಾವನ್ನು ನೆಲದಿಂದ ಒಂದು ಗೇಣಿನಷ್ಟು ಎತ್ತರದಲ್ಲಿ ಹಿಡಿದು, ಮತ್ತೊಬ್ಬನು ಸಾಗುತ್ತಾನೆ. ಸುತ್ತ ಚೆಂಡಾಡುವ ನೆರೆಹೊರೆಯ ಮಕ್ಕಳು, ಕೂತು ಹರಟುವ ಹಿರಿಯರು, ದಾರಿ ತಪ್ಪಿ ಬಂದ ಪ್ರವಾಸಿಗಳು.

ಈ ಚೌಕವನ್ನು ಎಂದೂ ಕಣ್ಣಾರೆ ಕಾಣದ, ಸಾವೊ ಪಾಲೊ, ಟೋಕಿಯೊ, ಮೆಲ್ಬರ್ನ್ ನಗರಗಳ ಅಸಂಖ್ಯ ಯುವಕ ಯುವತಿಯರು ಅದರ ಒಂದೊಂದು ಮೆಟ್ಟಿಲನ್ನೂ ಬಲ್ಲರು. ಅವರಿಗೆ ಆ ಜ್ಞಾನವನ್ನು ಕೊಟ್ಟುದು ಪ್ರವಾಸದ ಕೈಪಿಡಿಯಲ್ಲ, ಭೂಪಟವಲ್ಲ. ಬೀದಿಯ ಸ್ಕೇಟ್‌ಬೋರ್ಡ್ ಚಿತ್ರಗಳು. ಮೊಬೈಲಿನ ಪರದೆಯಲ್ಲಿ ಅಂಥ ಚಿತ್ರಗಳ ಚೂರುಪಾರುಗಳನ್ನು ನಮ್ಮಲ್ಲಿಯೂ ಅನೇಕರು ಕಂಡಿದ್ದಾರೆ. ಆದರೆ ಅವು ಹೇಗೆ ಹುಟ್ಟುತ್ತವೆ, ಯೂರೋಪಿನ ಚೌಕಗಳೇ ಅವುಗಳಿಗೆ ರಂಗಸ್ಥಳವಾದುದೇಕೆ, ನಗರಗಳು ಅದಕ್ಕೆ ಹೇಗೆ ಪ್ರತಿಕ್ರಿಯಿಸಿದುವು ಎಂಬುದನ್ನು ತಿಳಿದವರು ವಿರಳ. ತಿಳಿಯಬೇಕಾದ ಕಾರಣವಾದರೂ ಉಂಟು: ಸಾರ್ವಜನಿಕ ಸ್ಥಳವು ನಿಜವಾಗಿ ಯಾರಿಗೆ ಸೇರಿದುದು ಎಂಬ ಪ್ರಶ್ನೆಯನ್ನು ಈ ಕ್ರೀಡೆಯು ಎತ್ತಿದಷ್ಟು ಸ್ಪಷ್ಟವಾಗಿ ನಮ್ಮ ಕಾಲದ ಬೇರಾವ ಕ್ರೀಡೆಯೂ ಎತ್ತಿಲ್ಲ.

ಹಲಗೆಯು ಬೀದಿಗಿಳಿದ ಬಗೆ

ಸ್ಕೇಟ್‌ಬೋರ್ಡು ಹುಟ್ಟಿದುದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಕಡಲಿನ ಅಲೆಗಳ ಮೇಲೆ ಹಲಗೆಯನ್ನೇರಿ ಸಾಗುವ ಆಟದಲ್ಲಿ ಆಸಕ್ತರಾದ ತರುಣರು, ಅಲೆಗಳಿಲ್ಲದ ದಿನಗಳಲ್ಲಿ ಅದೇ ಸುಖವನ್ನು ನೆಲದ ಮೇಲೆ ಅರಸಹೊರಟು, 1950ರ ದಶಕದ ಹೊತ್ತಿಗೆ ಮರದ ಹಲಗೆಯ ಕೆಳಗೆ ರೋಲರ್ ಸ್ಕೇಟಿನ ಚಕ್ರಗಳನ್ನು ಬಿಗಿದರು. ಆ ಚಕ್ರಗಳು ಗಡುಸಾಗಿದ್ದು, ಸಣ್ಣದೊಂದು ಹರಳು ಅಡ್ಡಬಂದರೂ ಸವಾರನನ್ನು ಮುಗ್ಗರಿಸುವಂತೆ ಮಾಡುತ್ತಿದ್ದುವು. 1970ರ ದಶಕದ ಆದಿಯಲ್ಲಿ ಫ್ರ್ಯಾಂಕ್ ನ್ಯಾಸ್‌ವರ್ದಿ ಎಂಬವರು ಪಾಲಿಯುರೆಥೇನ್ ಚಕ್ರಗಳನ್ನು ಬಳಕೆಗೆ ತಂದ ಮೇಲೆ ಹಲಗೆಯು ನೆಲವನ್ನು ಹಿಡಿದು ಓಡಲು ಕಲಿಯಿತು.

ಆದರೂ ಅದು ಬೀದಿಯ ಕ್ರೀಡೆಯಾಗಲು ಇನ್ನೊಂದು ಆವಿಷ್ಕಾರವು ಬೇಕಾಗಿತ್ತು. 1970ರ ದಶಕದ ಕೊನೆಯಲ್ಲಿ ಫ್ಲಾರಿಡದ ಆಲನ್ ಗೆಲ್ಫಾಂಡ್, ಇಳಿಜಾರಾದ ಕಾಂಕ್ರೀಟ್ ಗೋಡೆಯ ಮೇಲೆ, ಕೈಯಿಂದ ಹಿಡಿಯದೆಯೇ ಹಲಗೆಯೊಡನೆ ಗಾಳಿಗೇರುವ ಉಪಾಯವನ್ನು ಕಂಡುಹಿಡಿದರು. ಅದಕ್ಕೆ ಓಲಿ ಎಂಬ ಹೆಸರು ಬಂದಿತು. ಕೆಲವೇ ವರ್ಷಗಳಲ್ಲಿ ರಾಡ್ನಿ ಮಲೆನ್ ಅದನ್ನು ಸಮತಟ್ಟಾದ ನೆಲಕ್ಕೆ ಅಳವಡಿಸಿದರು. ಹಿಂಗಾಲಿನಿಂದ ಹಲಗೆಯ ಹಿಂದುಗಡೆಯನ್ನು ನೆಲಕ್ಕೆ ಒದೆದು, ಅದು ಪುಟಿದೇಳುವ ಕ್ಷಣದಲ್ಲಿ ಮುಂಗಾಲನ್ನು ಹಲಗೆಯ ಮೇಲೆ ಮುಂದಕ್ಕೆ ಸವರಿದರೆ, ಹಲಗೆಯು ಪಾದಗಳಿಗೆ ಅಂಟಿಕೊಂಡಂತೆಯೇ ಮೇಲೇಳುತ್ತದೆ. ವಿವರಣೆಯು ಸರಳ, ಸಿದ್ಧಿಗೆ ತಿಂಗಳುಗಟ್ಟಲೆ ಅಭ್ಯಾಸ ಬೇಕು.

ಈ ಒಂದು ಚಲನೆಯಿಂದ ನಗರದ ಸ್ವರೂಪವೇ ಬದಲಾಯಿತು. ಅದುವರೆಗೆ ಚಕ್ರಕ್ಕೆ ಅಡ್ಡಿಯಾಗಿದ್ದ ಫುಟ್‌ಪಾತಿನ ಅಂಚು, ಕಲ್ಲುಕಟ್ಟೆ, ಮೆಟ್ಟಿಲಸಾಲು, ಮೆಟ್ಟಿಲ ಪಕ್ಕದ ಕಂಬಿ ಇವೆಲ್ಲವೂ ಅಂದಿನಿಂದ ಸಾಧನಗಳಾದುವು. ಏಳು ಪದರದ ಮೇಪಲ್ ಮರದಿಂದ ಮಾಡಿದ, ಸುಮಾರು ಎಂಬತ್ತು ಸೆಂಟಿಮೀಟರ್ ಉದ್ದದ ಒಂದು ಹಲಗೆ ಕೈಯಲ್ಲಿದ್ದರೆ ಸಾಕು, ಆಟದ ಮೈದಾನವನ್ನು ಯಾರೂ ಕಟ್ಟಿಕೊಡಬೇಕಾದುದಿಲ್ಲ. ಅದು ಆಗಲೇ ಕಟ್ಟಿ ನಿಂತಿದೆ ಎಂಬ ಅರಿವು 1980ರ ದಶಕದಲ್ಲಿ ಒಂದು ಪೀಳಿಗೆಗೇ ಉಂಟಾಯಿತು.

ಚಿತ್ರವೇ ಪ್ರಮಾಣ

ಬಹುತೇಕ ಕ್ರೀಡೆಗಳಲ್ಲಿ ಸಾಧನೆಯನ್ನು ಅಳೆಯುವುದು ಸ್ಪರ್ಧೆ. ಬೀದಿಯ ಸ್ಕೇಟಿಂಗಿನಲ್ಲಿ ಆ ಸ್ಥಾನವು ವಿಡಿಯೊ ಚಿತ್ರಕ್ಕೆ ಸಲ್ಲುತ್ತದೆ. 1984ರಲ್ಲಿ ಪೋವೆಲ್ ಪೆರಾಲ್ಟ ಎಂಬ ಹಲಗೆ ತಯಾರಕರ ಸಂಸ್ಥೆಯು, ತನ್ನ ಪಾಲುದಾರರೂ ಹಿಂದೆ ಸ್ವತಃ ಸ್ಕೇಟರೂ ಆಗಿದ್ದ ಸ್ಟೇಸಿ ಪೆರಾಲ್ಟ ಅವರ ನಿರ್ದೇಶನದಲ್ಲಿ ‘ಬೋನ್ಸ್ ಬ್ರಿಗೇಡ್ ವಿಡಿಯೊ ಷೋ’ವನ್ನು ಹೊರತಂದಿತು. ಮನೆಯ ವಿಡಿಯೊ ಯಂತ್ರದಲ್ಲಿ ಮತ್ತೆ ಮತ್ತೆ ಹಿಂದಕ್ಕೆ ಸರಿಸಿ, ನಿಧಾನಗೊಳಿಸಿ, ಪಾದದ ಒಂದೊಂದು ಚಲನೆಯನ್ನೂ ಅಧ್ಯಯನ ಮಾಡಬಹುದಾದ ಪಾಠವು ಹೀಗೆ ದೂರದೂರದ ಊರುಗಳ ಹುಡುಗರ ಕೈಸೇರಿತು. 1991ರಲ್ಲಿ ಸ್ಪೈಕ್ ಜೋನ್ಜ್ ನಿರ್ದೇಶಿಸಿದ ‘ವಿಡಿಯೊ ಡೇಸ್’ ಬೀದಿಯ ಸ್ಕೇಟಿಂಗನ್ನೇ ಕೇಂದ್ರವಾಗಿರಿಸಿಕೊಂಡು, ಸಂಗೀತ, ಲಯ, ವ್ಯಕ್ತಿವಿಶೇಷ ಇವುಗಳಿಂದ ಈ ಪ್ರಕಾರಕ್ಕೆ ಒಂದು ಶೈಲಿಯನ್ನು ಕೊಟ್ಟಿತು. ಅದೇ ಜೋನ್ಜ್ ಮುಂದೆ ಚಿತ್ರಕಥೆಗಾಗಿ ಆಸ್ಕರ್ ಪಡೆದರು.

ಅಂದಿನಿಂದ ಇಂದಿನವರೆಗೂ ಇಂಥ ಚಿತ್ರಗಳ ವಿನ್ಯಾಸವು ಹೆಚ್ಚು ಬದಲಾಗಿಲ್ಲ. ಒಬ್ಬೊಬ್ಬ ಸ್ಕೇಟರಿಗೂ ಒಂದೊಂದು ಭಾಗ. ಅದಕ್ಕೆ ಪಾರ್ಟ್ ಎನ್ನುವರು. ಮೂರು ನಾಲ್ಕು ನಿಮಿಷಗಳ ಆ ಭಾಗಕ್ಕೆ ಒಂದು ಹಾಡು. ಒಂದೇ ಓಟದಲ್ಲಿ ಎಡೆಬಿಡದೆ ಹಲವು ಚಲನೆಗಳನ್ನು ಪೋಣಿಸಿದರೆ ಅದು ಲೈನ್. ಭಾಗದ ಕೊನೆಗೆ, ಎಲ್ಲಕ್ಕಿಂತ ಕಠಿಣವಾದುದು. ಈ ನಾಲ್ಕು ನಿಮಿಷಗಳ ಹಿಂದೆ ಎಷ್ಟೋ ವೇಳೆ ಎರಡು ಮೂರು ವರ್ಷಗಳ ಶ್ರಮವಿರುತ್ತದೆ; ಪರದೆಯಲ್ಲಿ ಎರಡು ಸೆಕೆಂಡುಗಳಲ್ಲಿ ಮುಗಿಯುವ ಒಂದು ನೆಗೆತಕ್ಕೆ ನೂರಾರು ಪತನಗಳು ಬೆಲೆಯಾಗಿ ಸಂದಿರುತ್ತವೆ.

ಚಿತ್ರಗ್ರಹಣವೂ ಒಂದು ವಿಶಿಷ್ಟ ವಿದ್ಯೆ. 1995ರಲ್ಲಿ ಸೋನಿ ಕಂಪನಿಯು ಮಾರುಕಟ್ಟೆಗೆ ತಂದ ವಿಎಕ್ಸ್ 1000 ಎಂಬ ಡಿಜಿಟಲ್ ಕ್ಯಾಮೆರಾ ಇದಕ್ಕೆ ಅತ್ಯಂತ ಒಗ್ಗಿಬಂದಿತು: ಮೇಲ್ಭಾಗದಲ್ಲಿ ಗಟ್ಟಿಯಾದ ಹಿಡಿ, ಚಕ್ರದ ಸದ್ದನ್ನು ಸ್ಪಷ್ಟವಾಗಿ ಗ್ರಹಿಸುವ ಮೈಕ್, ಮುಂದೆ ಜೋಡಿಸಿದ ಫಿಶ್‌ಐ ಮಸೂರದಿಂದ ಅಂಚುಗಳು ಬಾಗಿ ಕಾಣುವ ವಿಶಾಲ ನೋಟ. ಅದನ್ನು ಹಿಡಿದವನು ಸ್ಕೇಟರಿನ ಪಕ್ಕದಲ್ಲಿಯೇ ಅದೇ ವೇಗದಲ್ಲಿ, ಅದೇ ಮೆಟ್ಟಿಲುಗಳ ಬದಿಯಲ್ಲಿ ಸಾಗಬೇಕು. ಸಂಗೀತ ಕಛೇರಿಯಲ್ಲಿ ಮೃದಂಗದವನು ಹಾಡುಗಾರನ ಮುಂದಿನ ಸಂಗತಿಯನ್ನು ಮೊದಲೇ ಊಹಿಸಿ ಅದಕ್ಕೆ ಒದಗುವಂತೆ, ಇವನೂ ಒದಗಬೇಕು. ಅರೆಕ್ಷಣ ತಪ್ಪಿದರೆ ಎಲ್ಲರ ಶ್ರಮವೂ ವ್ಯರ್ಥ. ಎಷ್ಟೋ ಉತ್ತಮ ಕ್ಯಾಮೆರಾಗಳು ಬಂದ ಮೇಲೆಯೂ ಈ ಹಳೆಯ ಯಂತ್ರವನ್ನೇ ದುರಸ್ತಿ ಮಾಡಿಸಿಕೊಂಡು ಬಳಸುವವರು ಇಂದಿಗೂ ಇದ್ದಾರೆ.

ಈ ಲೋಕಕ್ಕೆ ಬರೆಯದ ನಿಯಮಗಳೂ ಉಂಟು. ಒಂದು ಸ್ಥಳದಲ್ಲಿ, ಅವರ ಮಾತಿನಲ್ಲಿ ಹೇಳುವುದಾದರೆ ಒಂದು ಸ್ಪಾಟಿನಲ್ಲಿ, ಒಬ್ಬನು ಮಾಡಿ ಚಿತ್ರಿಸಿದುದನ್ನು ಇನ್ನೊಬ್ಬನು ಹಾಗೆಯೇ ಪುನರಾವರ್ತಿಸಿ ತನ್ನದೆನ್ನುವಂತಿಲ್ಲ. ಅದಕ್ಕಿಂತ ಹೊಸದನ್ನು, ಕಠಿಣತರವಾದುದನ್ನು ತರಬೇಕು. ಆದುದರಿಂದಲೇ ಒಂದೊಂದು ಕಟ್ಟೆಗೂ ಒಂದೊಂದು ಇತಿಹಾಸವು ಬೆಳೆಯುತ್ತದೆ. ನಗರದ ದಾಖಲೆಗಳಲ್ಲಿ ಹೆಸರಿಲ್ಲದ ಒಂದು ಮೆಟ್ಟಿಲಸಾಲು, ಯಾರು ಯಾವ ವರ್ಷ ಅಲ್ಲಿಂದ ಹಾರಿದರು, ಯಾರು ಬಿದ್ದರು ಎಂಬ ನೆನಪುಗಳಿಂದ ಸ್ಮಾರಕವೇ ಆಗಿಬಿಡುತ್ತದೆ.

ಯೂರೋಪಿನ ಕಲ್ಲಿನ ಆಕರ್ಷಣೆ

ಹುಟ್ಟಿದ ನಾಡನ್ನು ಬಿಟ್ಟು ಈ ಕ್ರೀಡೆಯು ಸುಮಾರು 2000ದ ವೇಳೆಗೆ ಯೂರೋಪಿನ ಕಡೆಗೆ ಮುಖಮಾಡಿದುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುದು ನಗರ ನಿರ್ಮಾಣದ ಇತಿಹಾಸದಲ್ಲಿಯೇ ಇದೆ. ಸ್ಪೇನಿನಲ್ಲಿ 1975ರಲ್ಲಿ ಫ್ರಾಂಕೋ ಮಡಿದು, ಸರ್ವಾಧಿಕಾರವು ಅಳಿದು, ಪ್ರಜೆಗಳು ಆರಿಸಿದ ನಗರಸಭೆಯು ಬಾರ್ಸಲೋನದಲ್ಲಿ ಅಧಿಕಾರಕ್ಕೆ ಬಂದಾಗ, ವಾಸ್ತುಶಿಲ್ಪಿ ಒರಿಯೋಲ್ ಬೊಹಿಗಸ್ ಅವರ ಮುಂದಾಳುತನದಲ್ಲಿ, ಜನರು ನೆರೆಯಬಲ್ಲ ಬಯಲುಗಳನ್ನು ಬಡಾವಣೆ ಬಡಾವಣೆಯಲ್ಲಿಯೂ ನಿರ್ಮಿಸುವ ಮಹಾಕಾರ್ಯವು ಮೊದಲಾಯಿತು.

ಇವುಗಳಲ್ಲಿ ಹಲವು, ಹುಲ್ಲುಹಾಸಿಲ್ಲದ, ಮರಗಳು ವಿರಳವಾದ ಕಲ್ಲಿನ ಚೌಕಗಳು. ಸಾಂಟ್ಸ್ ರೈಲುನಿಲ್ದಾಣದ ಮುಂದೆ, ಎಲಿಯೊ ಪಿನ್ಯೋನ್ ಮತ್ತು ಆಲ್ಬರ್ಟ್ ವಿಯಪ್ಲಾನ ಅವರ ಯೋಜನೆಯಂತೆ 1983ರಲ್ಲಿ ಸಿದ್ಧವಾದ ಚೌಕವು ಇದಕ್ಕೆ ಪ್ರಸಿದ್ಧ ನಿದರ್ಶನ: ನೆಲದಡಿಯಲ್ಲಿ ರೈಲುಹಳಿಗಳು ಹಾದುಹೋಗುವುದರಿಂದ ಅಲ್ಲಿ ಮರಗಳ ಭಾರವನ್ನು ಹೊರಿಸುವಂತಿರಲಿಲ್ಲ, ಆದುದರಿಂದ ನುಣುಪಾದ ಕಲ್ಲುನೆಲ, ಉದ್ದನೆಯ ಆಸನಗಳು, ತೆಳುವಾದ ಲೋಹದ ಚಪ್ಪರ ಇಷ್ಟರಲ್ಲಿಯೇ ಆ ಬಯಲನ್ನು ರೂಪಿಸಿದರು. ನೆರಳಿಲ್ಲದ ಈ ಚೌಕವನ್ನು ಟೀಕಿಸಿದವರು ಬಹಳ. ಆದರೆ ಅದೇ ನುಣುಪು, ಅದೇ ವಿಸ್ತಾರ, ಅದೇ ತಗ್ಗಾದ ಕಟ್ಟೆಗಳು ಸ್ಕೇಟರಿಗೆ ವರವಾದುವು. 1992ರ ಒಲಿಂಪಿಕ್ಸಿಗಾಗಿ ನಗರವು ಮತ್ತಷ್ಟು ಹೊಸ ಬಯಲುಗಳನ್ನು ಪಡೆಯಿತು.

ಇದರ ಜೊತೆಗೆ ಹವೆಯೂ ಅನುಕೂಲಿಸಿತು. ಉತ್ತರ ಯೂರೋಪು ಮಳೆಯಲ್ಲಿಯೂ ಹಿಮದಲ್ಲಿಯೂ ತೊಯ್ದಿರುವ ತಿಂಗಳುಗಳಲ್ಲಿ ಮೆಡಿಟರೇನಿಯನ್ ದಡದ ಈ ನಗರದಲ್ಲಿ ನೆಲವು ಒಣಗಿರುತ್ತದೆ. ಅಮೆರಿಕದಲ್ಲಿ ಕಾವಲುಗಾರರ ಕಣ್ಣು ತಪ್ಪಿಸಿ ಚಿತ್ರೀಕರಿಸಬೇಕಾಗಿದ್ದವರಿಗೆ, ಇಲ್ಲಿ ದಿನವಿಡೀ ಒಂದೇ ಕಟ್ಟೆಯ ಮೇಲೆ ಪ್ರಯತ್ನಿಸಲು ದೊರೆತ ಸ್ವಾತಂತ್ರ್ಯವು ಅಪೂರ್ವವೆನಿಸಿತು. ಅಮೆರಿಕದ ಕಂಪನಿಗಳು ತಮ್ಮ ತಂಡಗಳನ್ನೇ ಕಳುಹಿಸತೊಡಗಿದುವು. ಈ ಶತಮಾನದ ಮೊದಲ ವರ್ಷಗಳ ಚಿತ್ರಗಳನ್ನು ನೋಡಿದರೆ ಅದೇ ಬಿಳಿಯ ಸೌಧವೂ ಅದೇ ಸಾಂಟ್ಸ್ ಚೌಕವೂ ಮರಳಿ ಮರಳಿ ಕಾಣಿಸುತ್ತವೆ.

ಫ್ರಾನ್ಸಿನ ಲಿಯೋನ್ ನಗರದ ಪಾತ್ರವೂ ಕಡಿಮೆಯದಲ್ಲ. ಅಲ್ಲಿಯ ಜೆರೆಮಿ ದಾಕ್ಲಾಂ 1997ರಲ್ಲಿ ಕ್ಲಿಶೆ ಎಂಬ ಹಲಗೆ ಕಂಪನಿಯನ್ನು ಸ್ಥಾಪಿಸಿ, ಯೂರೋಪಿನ ಸ್ಕೇಟರುಗಳು ಅಮೆರಿಕಕ್ಕೆ ವಲಸೆ ಹೋಗದೆಯೇ ಹೆಸರು ಗಳಿಸಬಹುದೆಂಬುದನ್ನು ತೋರಿಸಿಕೊಟ್ಟರು. ಅದೇ ನಗರದ ಫ್ರೆಡ್ ಮೊರ್ತಾಞ್ 2000ದಲ್ಲಿ ‘ಮೆನಿಕ್ಮತಿ’ ಎಂಬ ಚಿತ್ರವನ್ನು ನಿರ್ದೇಶಿಸಿದರು. ಕಟ್ಟಡಗಳ ರೇಖೆ, ನೆರಳು, ಮೆಟ್ಟಿಲುಗಳ ಜ್ಯಾಮಿತಿ ಇವುಗಳ ನಡುವೆ ಮನುಷ್ಯನ ಆಕೃತಿಯನ್ನು ಚಿಕ್ಕದಾಗಿ ನಿಲ್ಲಿಸುವ ಅವರ ಛಾಯಾಚಿತ್ರಗಳಲ್ಲಿ, ನಗರವು ಹಿನ್ನೆಲೆಯಾಗಿ ಉಳಿಯದೆ, ಸ್ಕೇಟರಿನಷ್ಟೇ ಪ್ರಧಾನವಾದ ಪಾತ್ರವಾಗುತ್ತದೆ.

ಲಿಯೋನಿನ ಇಪ್ಪತ್ತೈದು ಮೆಟ್ಟಿಲುಗಳ ಒಂದು ಸಾಲಿನ ಕಥೆಯು ಈ ಲೋಕದಲ್ಲಿ ಪುರಾಣಪ್ರಾಯವಾಗಿದೆ. ಸ್ವೀಡನ್ನಿನ ಅಲಿ ಬೂಲಾಲಾ ಅದನ್ನು ಒಂದೇ ನೆಗೆತದಲ್ಲಿ ದಾಟಲು ಯತ್ನಿಸಿ ಮತ್ತೆ ಮತ್ತೆ ಬಿದ್ದ ದೃಶ್ಯವು 2002ರ ‘ಸಾರಿ’ ಚಿತ್ರದಲ್ಲಿದೆ. ಅಮೆರಿಕದ ಏರನ್ ಹೊಮೊಕಿ ಅದೇ ಮೆಟ್ಟಿಲಿಗೆ ಬಂದು, ಮೊದಲ ಸಲ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹಿಂತಿರುಗಿ, 2015ರಲ್ಲಿ ಪುನಃ ಬಂದು ದಾಟಿ ನಿಂತರು. ಸೋತವನ ಚಿತ್ರವೂ ಗೆದ್ದವನ ಚಿತ್ರದಷ್ಟೇ ಗೌರವದಿಂದ ಉಳಿದುಕೊಂಡಿರುವುದು, ಈ ಪರಂಪರೆಯು ಪ್ರಯತ್ನವನ್ನು ಎಷ್ಟು ಎತ್ತರದಲ್ಲಿ ಇರಿಸಿದೆ ಎಂಬುದಕ್ಕೆ ಸಾಕ್ಷಿ.

ಪ್ಯಾರಿಸಿನಲ್ಲಿ, 1937ರ ಪ್ರದರ್ಶನಕ್ಕಾಗಿ ಕಟ್ಟಿದ ಪಾಲೆ ದ ಟೋಕಿಯೊ ಸೌಧದ ಹಿಂದಿನ ಅಂಗಳ. ಮಿಲಾನಿನಲ್ಲಿ, ಕೇಂದ್ರ ರೈಲುನಿಲ್ದಾಣದ ಮುಂದಿನ ವಿಶಾಲವಾದ ನೆಲ. ಪ್ರಾಗಿನಲ್ಲಿ, ಲೆಟ್ನಾ ಗುಡ್ಡದ ಮೇಲಿನ ಗ್ರಾನೈಟ್ ಜಗಲಿ. ಈ ಕೊನೆಯದರ ಚರಿತ್ರೆಯು ವಿಶೇಷವಾದುದು: 1955ರಲ್ಲಿ ಅಲ್ಲಿ ಸ್ಟಾಲಿನನ ಬೃಹತ್ ಶಿಲಾಸ್ಮಾರಕವನ್ನು ಅನಾವರಣಗೊಳಿಸಿದರು, 1962ರಲ್ಲಿ ಅದನ್ನು ಸ್ಫೋಟಕಗಳಿಂದ ಉರುಳಿಸಿದರು. ಪ್ರಭುತ್ವದ ಭಯವನ್ನು ಮೂಡಿಸಲೆಂದು ಹಾಸಿದ ಆ ಕಲ್ಲುಗಳನ್ನು, ಆ ಪ್ರಭುತ್ವವೇ ಅಳಿದ ಮೇಲೆ, ಅದನ್ನು ಕಂಡರಿಯದ ಪೀಳಿಗೆಯವರು ತಮ್ಮ ಸಾಯಂಕಾಲಗಳ ನೆಲೆಯನ್ನಾಗಿ ಮಾಡಿಕೊಂಡಿದ್ದಾರೆ.

ಸವೆಯುವ ಅಂಚು, ಕೆಡುವ ನಿದ್ದೆ

ಇಷ್ಟನ್ನು ಹೇಳಿದ ಮೇಲೆ ಮತ್ತೊಂದು ಪಕ್ಷವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಹಲಗೆಯ ಅಡಿಯ ಲೋಹದ ಅಚ್ಚು ಉಜ್ಜಿದಾಗ ಕಲ್ಲಿನ ಅಂಚು ಸಿಡಿಯುತ್ತದೆ. ಜಾರಲೆಂದು ತಿಕ್ಕಿದ ಮೇಣವು ಧೂಳು ಹಿಡಿದು ಕಪ್ಪಾಗುತ್ತದೆ. ಗಟ್ಟಿ ಚಕ್ರಗಳ ಸದ್ದು ಸುತ್ತಣ ಮನೆಗಳ ಗೋಡೆಗಳಿಗೆ ಬಡಿದು ಮಾರ್ದನಿಗೊಂಡು, ರಾತ್ರಿ ಬಹಳ ಹೊತ್ತಿನವರೆಗೆ ಮುಂದುವರಿದರೆ, ಮರುದಿನ ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದವನಿಗೂ ಹಸುಗೂಸಿನ ತಾಯಿಗೂ ಅದು ಹಿಂಸೆಯೇ. ಸವಾರನಿಲ್ಲದೆ ಚಿಮ್ಮಿದ ಹಲಗೆಯು ವೃದ್ಧರ ಕಾಲಿಗೆ ತಗಲುವ ಅಪಾಯವೂ ಸುಳ್ಳಲ್ಲ.

ನಗರಗಳು ಇದಕ್ಕೆ ಮೊದಲು ಕಂಡುಕೊಂಡ ಉತ್ತರವು ನಿಷೇಧ. ನಾರ್ವೆ ದೇಶವು 1978ರಿಂದ 1989ರವರೆಗೆ ಸ್ಕೇಟ್‌ಬೋರ್ಡನ್ನೇ ಕಾನೂನಿನಿಂದ ಬಹಿಷ್ಕರಿಸಿತ್ತು. ಅಷ್ಟಾದರೂ ಕಾಡುಗಳ ಮರೆಯಲ್ಲಿ ಗುಟ್ಟಾಗಿ ಇಳಿಜಾರುಗಳನ್ನು ಕಟ್ಟಿಕೊಂಡು ಆಡಿದವರಿದ್ದರು. ಬಾರ್ಸಲೋನದಲ್ಲಿಯೂ 2006ರ ಆದಿಯಲ್ಲಿ ಜಾರಿಗೆ ಬಂದ ನಾಗರಿಕ ಸಹಬಾಳ್ವೆಯ ನಿಯಮಾವಳಿಯು, ಕಟ್ಟೆ ಕಂಬಿಗಳ ಮೇಲಿನ ಸ್ಕೇಟಿಂಗಿಗೆ ದಂಡವನ್ನು ವಿಧಿಸಿತು.

ಎರಡನೆಯ ಉತ್ತರವು ಕಲ್ಲಿನಲ್ಲಿಯೇ ಬರೆದುದು. ಕಟ್ಟೆಗಳ ಅಂಚಿಗೆ ಗಜಕ್ಕೊಂದರಂತೆ ಲೋಹದ ಗುಬಟುಗಳನ್ನು ಬಿಗಿಯುವುದು, ನುಣುಪಾದ ನೆಲವನ್ನು ಕಿತ್ತು ಒರಟುಗಲ್ಲನ್ನು ಹಾಸುವುದು, ಉದ್ದನೆಯ ಆಸನಗಳನ್ನು ತುಂಡರಿಸಿ ನಡುನಡುವೆ ಅಡ್ಡಕಂಬಿಗಳನ್ನು ನಿಲ್ಲಿಸುವುದು ಇವೆಲ್ಲ ಈಗ ಜಗತ್ತಿನ ನಗರಗಳಿಗೆಲ್ಲ ಪರಿಚಿತವಾದ ಉಪಾಯಗಳು. ಆದರೆ ಒರಟುಗಲ್ಲಿನ ನೆಲವು ಗಾಲಿಕುರ್ಚಿಯವನನ್ನೂ ತಡೆಯುತ್ತದೆ; ಅಡ್ಡಕಂಬಿಯ ಆಸನದ ಮೇಲೆ ಮನೆಯಿಲ್ಲದವನು ಮೈಚಾಚಲಾರನು, ದಣಿದ ಮುದುಕಿಯೊಬ್ಬಳು ತನ್ನ ಚೀಲವನ್ನು ಪಕ್ಕದಲ್ಲಿಟ್ಟು ಆರಾಮವಾಗಿ ಕೂರಲಾರಳು. ಒಬ್ಬರನ್ನು ಹೊರಗಿಡಲೆಂದು ಕೆತ್ತಿದ ಕಲ್ಲು ಎಲ್ಲರ ಪಾಲಿಗೂ ಒರಟಾಗುವುದು ಈ ಉಪಾಯದ ಮೂಲದೋಷ.

ಥೇಮ್ಸ್ ದಡದ ಹೋರಾಟ

ನಿಷೇಧಕ್ಕೂ ಅನುಮತಿಗೂ ನಡುವೆ ಇರುವ ನಿಜವಾದ ಪ್ರಶ್ನೆಯು ಬಯಲಿಗೆ ಬಂದುದು ಲಂಡನ್ನಿನಲ್ಲಿ. ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ 1967ರಲ್ಲಿ ತೆರೆದ ಕ್ವೀನ್ ಎಲಿಜಬೆತ್ ಹಾಲ್ ಎಂಬ ಸಂಗೀತಸಭಾಂಗಣದ ಕೆಳಗೆ, ದಪ್ಪನಾದ ಕಾಂಕ್ರೀಟ್ ಕಂಬಗಳ ನಡುವೆ, ಇಳಿಜಾರುಗಳಿಂದ ಕೂಡಿದ, ಯಾವ ನಿರ್ದಿಷ್ಟ ಉಪಯೋಗಕ್ಕೂ ಮೀಸಲಾಗದ ಒಂದು ತೆರವಾದ ಜಾಗವಿದೆ. 1970ರ ದಶಕದ ಮೊದಲ ವರ್ಷಗಳಿಂದ ಸ್ಕೇಟರುಗಳು ಅಲ್ಲಿಗೆ ಬರುತ್ತಿದ್ದಾರೆ. ಮಾಡಿನ ಕೆಳಗಿರುವುದರಿಂದ ಲಂಡನ್ನಿನ ಮಳೆಯೂ ಅಲ್ಲಿಗೆ ತಗಲುವುದಿಲ್ಲ.

2013ರಲ್ಲಿ ಸೌತ್‌ಬ್ಯಾಂಕ್ ಕಲಾಕೇಂದ್ರದ ಆಡಳಿತವು, ತನ್ನ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಬೇಕಾದ ಹಣವನ್ನು ಹೊಂದಿಸಲೆಂದು, ಈ ಜಾಗವನ್ನು ಅಂಗಡಿಗಳಿಗೂ ಊಟದ ಮನೆಗಳಿಗೂ ಕೊಟ್ಟು, ಸ್ಕೇಟರುಗಳಿಗೆ ಸಮೀಪದ ಹಂಗರ್‌ಫರ್ಡ್ ಸೇತುವೆಯ ಕೆಳಗೆ ಹೊಸದೊಂದು ಸ್ಥಳವನ್ನು ನಿರ್ಮಿಸಿಕೊಡುವ ಯೋಜನೆಯನ್ನು ಪ್ರಕಟಿಸಿತು. ಮೇಲ್ನೋಟಕ್ಕೆ ನ್ಯಾಯವಾದುದೆಂದೇ ತೋರುವ ಸಲಹೆ. ಆದರೆ ‘ಲಾಂಗ್ ಲಿವ್ ಸೌತ್‌ಬ್ಯಾಂಕ್’ ಎಂಬ ಹೆಸರಿನಲ್ಲಿ ಒಂದುಗೂಡಿದ ತರುಣರು ಅದನ್ನು ಒಪ್ಪಲಿಲ್ಲ. ದಶಕಗಳ ಬಳಕೆಯಿಂದ, ನೂರಾರು ಚಿತ್ರಗಳಿಂದ, ಹಿರಿಯರು ಕಿರಿಯರಿಗೆ ಕಲಿಸುತ್ತ ಬಂದ ಪರಂಪರೆಯಿಂದ ಅರ್ಥ ಪಡೆದ ಜಾಗವನ್ನು, ಅಷ್ಟೇ ಚದರಡಿಯ ಇನ್ನೊಂದು ಜಾಗದಿಂದ ತುಂಬಲಾಗದೆಂಬುದು ಅವರ ವಾದವಾಗಿತ್ತು.

ಅವರು ಆ ಜಾಗದ ಮುಂದೆಯೇ ಮೇಜು ಹಾಕಿ ಕುಳಿತು, ದಾರಿಹೋಕರ ಸಹಿಗಳನ್ನು ಪಡೆದರು. ಯೋಜನೆಯ ವಿರುದ್ಧ ಇಪ್ಪತ್ತೇಳು ಸಾವಿರಕ್ಕೂ ಮಿಕ್ಕಿ ಲಿಖಿತ ಆಕ್ಷೇಪಣೆಗಳು ಸ್ಥಳೀಯ ಆಡಳಿತಕ್ಕೆ ಸಂದುವು. ನಗರದ ಅಂದಿನ ಮೇಯರ್ ಬೋರಿಸ್ ಜಾನ್ಸನ್ ಅವರೂ 2014ರ ಆದಿಯಲ್ಲಿ ಸ್ಕೇಟರುಗಳ ಪರವಾಗಿ ನಿಂತರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎರಡು ಪಕ್ಷಗಳೂ ಒಪ್ಪಂದಕ್ಕೆ ಬಂದು, ಆ ಜಾಗವು ಸ್ಕೇಟಿಂಗಿಗೇ ಉಳಿಯತಕ್ಕುದೆಂದು ನಿರ್ಣಯವಾಯಿತು. ಅನಂತರ ಅವರಿಬ್ಬರೂ ಕೂಡಿಯೇ ಹಣವನ್ನು ಸಂಗ್ರಹಿಸಿ, ಬಹುಕಾಲ ಮುಚ್ಚಿಹೋಗಿದ್ದ ಒಂದು ಭಾಗವನ್ನು ದುರಸ್ತಿಗೊಳಿಸಿ 2019ರಲ್ಲಿ ತೆರೆದರು. ಪ್ರತಿಕಕ್ಷಿಗಳು ಪಾಲುದಾರರಾದ ಈ ಪರಿಣಾಮವು ವಿಜಯಕ್ಕಿಂತಲೂ ಮಿಗಿಲಾದುದೆಂದು ನನ್ನ ಭಾವನೆ.

ಲಂಡನ್ನಿನ ವಾಸ್ತುಶಾಸ್ತ್ರದ ಪ್ರಾಧ್ಯಾಪಕ ಇಯಾನ್ ಬೋರ್ಡೆನ್ ಅವರು 2001ರಷ್ಟು ಹಿಂದೆಯೇ ಈ ವಿಷಯವನ್ನು ಕುರಿತು ಒಂದು ಗ್ರಂಥವನ್ನು ರಚಿಸಿದ್ದರು. ಕೊಳ್ಳುವುದಕ್ಕೂ ಮಾರುವುದಕ್ಕೂ ಮಾತ್ರ ಎಂಬಂತೆ ರೂಪಿತವಾಗುತ್ತಿರುವ ನಗರದಲ್ಲಿ, ಏನನ್ನೂ ಕೊಳ್ಳದೆ, ಏನನ್ನೂ ಮಾರದೆ, ತನ್ನ ದೇಹದ ಚಲನೆಯಿಂದಲೇ ಸ್ಥಳಕ್ಕೆ ಹೊಸ ಉಪಯೋಗವನ್ನು ಕಲ್ಪಿಸುವವನು ಸ್ಕೇಟರು ಎಂಬ ವಿಚಾರವನ್ನು ಅವರು ಅಲ್ಲಿ ಪ್ರತಿಪಾದಿಸಿದರು. ಸೌತ್‌ಬ್ಯಾಂಕಿನ ಹೋರಾಟವು ಆ ವಿಚಾರಕ್ಕೆ ಜೀವಂತ ಭಾಷ್ಯವೆನ್ನಬಹುದು.

ಮಾಲ್ಮೊ, ಬೋರ್ಡೊ: ಮತ್ತೊಂದು ದಾರಿ

ಸ್ವೀಡನ್ನಿನ ಮಾಲ್ಮೊ ನಗರವು ಒಂದು ಕಾಲಕ್ಕೆ ಹಡಗುಕಟ್ಟುವ ಕಾರ್ಮಿಕರ ಊರು. 1980ರ ದಶಕದಲ್ಲಿ ಆ ಉದ್ಯಮವು ಕುಸಿದ ಮೇಲೆ ಪಾಳುಬಿದ್ದ ಕೈಗಾರಿಕಾ ಭೂಮಿಯಲ್ಲಿ, ಪಾಂಟಸ್ ಆಲ್ವ್ ಎಂಬ ಸ್ಕೇಟರೂ ಅವರ ಗೆಳೆಯರೂ ಯಾರ ಅಪ್ಪಣೆಗೂ ಕಾಯದೆ, ತಾವೇ ಕಾಂಕ್ರೀಟ್ ಕಲಸಿ ಇಳಿಜಾರುಗಳನ್ನು ಕಟ್ಟಿದರು. ಅವನ್ನು ಕೆಡವಿದಾಗ ಬೇರೆಡೆ ಮತ್ತೆ ಕಟ್ಟಿದರು. ಆಲ್ವ್ ನಿರ್ಮಿಸಿದ ‘ಸ್ಟ್ರಾಂಗೆಸ್ಟ್ ಆಫ್ ದ ಸ್ಟ್ರೇಂಜ್’ (2005), ‘ಇನ್ ಸರ್ಚ್ ಆಫ್ ದ ಮಿರಾಕ್ಯುಲಸ್’ (2010) ಎಂಬ ಚಿತ್ರಗಳಲ್ಲಿ ಆ ಕಟ್ಟುವಿಕೆಯೂ ಕೆಡವುವಿಕೆಯೂ ಮನಕಲಕುವಂತೆ ದಾಖಲಾಗಿವೆ.

ಆ ನಗರಸಭೆಯ ವಿವೇಕವಾದರೂ ಮೆಚ್ಚತಕ್ಕುದು. 1998ರಲ್ಲಿ ಸ್ಕೇಟರುಗಳು ಹಳೆಯ ಬಿಯರ್ ಕಾರ್ಖಾನೆಯೊಂದರಲ್ಲಿ ಆರಂಭಿಸಿದ ಬ್ರಿಗೇರಿಯೆತ್ ಎಂಬ ಸಂಸ್ಥೆಗೆ ಅದು ಬೆಂಬಲವಾಗಿ ನಿಂತಿತು. ಹಳೆಯ ಹಡಗುಕಟ್ಟೆಯ ಪ್ರದೇಶದಲ್ಲಿ ವಿಶಾಲವಾದ ಕಾಂಕ್ರೀಟ್ ಉದ್ಯಾನವೊಂದು ಸಿದ್ಧವಾಯಿತು. 2006ರಲ್ಲಿ, ಇತರ ಪಾಠಗಳ ಜೊತೆಗೆ ಸ್ಕೇಟಿಂಗನ್ನೂ ಕಲಿಸುವ ಪ್ರೌಢಶಾಲೆಯೊಂದು ಅದೇ ಸಂಸ್ಥೆಯ ಆಶ್ರಯದಲ್ಲಿ ತೆರೆಯಿತು. ಕಾಲಾಂತರದಲ್ಲಿ ನಗರಸಭೆಯು ಈ ವಿಷಯವನ್ನೇ ನೋಡಿಕೊಳ್ಳುವ ಅಧಿಕಾರಿಯೊಬ್ಬರನ್ನು ನೇಮಿಸಿ, ಹೊಸ ಚೌಕಗಳ ನಕ್ಷೆಯನ್ನು ಸಿದ್ಧಪಡಿಸುವಾಗಲೇ ಸ್ಕೇಟರುಗಳ ಸಲಹೆಯನ್ನು ಪಡೆಯತೊಡಗಿತು.

ತಮ್ಮ ಕೈಯಿಂದಲೇ ಕಟ್ಟಿಕೊಳ್ಳುವ ಈ ಸಂಪ್ರದಾಯದ ನಂಟು ಕರ್ನಾಟಕಕ್ಕೂ ತಲಪಿದೆ. ಬೆಂಗಳೂರಿನ ಹೋಲಿಸ್ಟೋಕ್ಡ್ ಎಂಬ ಸ್ಕೇಟರುಗಳ ಕೂಟವು, ಹೊರದೇಶಗಳಿಂದ ಬಂದ ಸ್ಕೇಟರುಗಳೊಡನೆ ಕೈಜೋಡಿಸಿ, 2013ರಲ್ಲಿ ನಗರದಲ್ಲಿ ಕಾಂಕ್ರೀಟ್ ಸ್ಕೇಟ್‌ಪಾರ್ಕೊಂದನ್ನು ಕಟ್ಟಿತು. ಕಲಿತವರು ಆ ವಿದ್ಯೆಯನ್ನು ಬೇರೆ ಊರುಗಳಿಗೂ ಕೊಂಡೊಯ್ದರು.

ಫ್ರಾನ್ಸಿನ ಬೋರ್ಡೊ ನಗರದಲ್ಲಿ ಪರಿವರ್ತನೆಯು ಬೇರೊಂದು ಬಗೆಯಲ್ಲಿ ಬಂದಿತು. ದಂಡಗಳಿಂದ ಬೇಸತ್ತ ಸ್ಕೇಟರುಗಳಲ್ಲಿ ಒಬ್ಬರಾದ ಲಿಯೊ ವಾಲ್ಸ್, ತಮ್ಮ ಚಿತ್ರಗಳನ್ನೇ ಸಾಕ್ಷ್ಯವನ್ನಾಗಿ ಮುಂದಿಟ್ಟುಕೊಂಡು, ನಗರಾಡಳಿತದೊಡನೆ ಮಾತುಕತೆಗೆ ತೊಡಗಿದರು. ಅದರ ಫಲವಾಗಿ ಕೆಲವು ಚೌಕಗಳಲ್ಲಿ ಸ್ಕೇಟಿಂಗಿಗೆ ಇಂತಿಷ್ಟು ಹೊತ್ತೆಂದು ಗೊತ್ತುಮಾಡಿದರು. ನೋಡುವವರಿಗೆ ಶಿಲ್ಪವಾಗಿಯೂ ಕೂರುವವರಿಗೆ ಆಸನವಾಗಿಯೂ ಸ್ಕೇಟರಿಗೆ ಕಟ್ಟೆಯಾಗಿಯೂ ಒದಗುವ ಕೃತಿಗಳನ್ನು 2019ರಲ್ಲಿ ನಗರದ ಬಯಲುಗಳಲ್ಲಿ ನಿಲ್ಲಿಸಿದರು. ರಾತ್ರಿಯ ನಿದ್ದೆಯೂ ಸಂಜೆಯ ಆಟವೂ ಪರಸ್ಪರ ಶತ್ರುಗಳಾಗಬೇಕಾದುದಿಲ್ಲ, ಹೊತ್ತನ್ನು ಹಂಚಿಕೊಂಡರೆ ಸಾಕೆಂಬ ಸರಳ ಸತ್ಯವು ಅಲ್ಲಿ ಆಚರಣೆಗೆ ಬಂದಿತು.

ಪದಕದ ಬೀದಿ, ನಿಜದ ಬೀದಿ

ಟೋಕಿಯೊದಲ್ಲಿ 2021ರಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ಸ್ಕೇಟ್‌ಬೋರ್ಡಿಂಗ್ ಮೊದಲ ಸಲ ಸ್ಥಾನ ಪಡೆಯಿತು. 2024ರಲ್ಲಿ ಪ್ಯಾರಿಸಿನ ಕಾಂಕಾರ್ಡ್ ಚೌಕದಲ್ಲಿಯೇ ಅದಕ್ಕಾಗಿ ತಾತ್ಕಾಲಿಕವಾದ ಕ್ರೀಡಾಂಗಣವನ್ನು ಕಟ್ಟಿದರು. ಸ್ತ್ರೀಯರಿಗೂ ಪುರುಷರಿಗೂ ಸಮಸಂಖ್ಯೆಯ ಸ್ಪರ್ಧೆಗಳು ಏರ್ಪಟ್ಟುದರಿಂದ, ಬಹುಕಾಲ ಹುಡುಗರದೇ ಲೋಕವಾಗಿದ್ದ ಈ ಕ್ರೀಡೆಯಲ್ಲಿ ಹುಡುಗಿಯರ ಸಾಧನೆಯೂ ಜಗತ್ತಿನ ಕಣ್ಣಿಗೆ ಬಿದ್ದಿತು. ಬ್ರಿಟನ್ನಿನ ಸ್ಕೈ ಬ್ರೌನ್ ಹದಿಮೂರನೆಯ ವಯಸ್ಸಿನಲ್ಲಿಯೇ ಟೋಕಿಯೊದಲ್ಲಿ ಕಂಚನ್ನು ಗೆದ್ದಳು.

ಈ ಸ್ಪರ್ಧೆಗಳಲ್ಲಿ ಸ್ಟ್ರೀಟ್ ಎಂಬ ವಿಭಾಗವಿದೆ. ಅದರ ಅಂಗಣದಲ್ಲಿ ಮೆಟ್ಟಿಲು, ಕಂಬಿ, ಕಟ್ಟೆ ಎಲ್ಲವೂ ಅಳತೆಗೆ ತಕ್ಕಂತೆ, ಯಾವ ಬಿರುಕೂ ಇಲ್ಲದಂತೆ ನಿರ್ಮಿತವಾಗಿರುತ್ತವೆ. ಅಲ್ಲಿಯ ಕೌಶಲವು ಅಸಾಧಾರಣವೇ ಸರಿ. ಆದರೆ ಚಿತ್ರಗಳ ಬೀದಿಯಲ್ಲಿ ನೆಲವು ಸವೆದಿದೆ, ಕಟ್ಟೆಯ ಮುಂದೆ ಓಡಿಬರಲು ನಾಲ್ಕೇ ಹೆಜ್ಜೆಯ ಜಾಗವಿದೆ, ಇಳಿಯುವಲ್ಲಿ ಟ್ರಾಮಿನ ಹಳಿಯಿದೆ, ಯಾರೋ ನಡೆದು ಬರುತ್ತಿದ್ದಾರೆ. ಈ ಅಡಚಣೆಗಳನ್ನು ಅರಿತು, ಅವುಗಳಿಗೆ ಹೊಂದಿ, ಅವುಗಳಿಂದಲೇ ಸೌಂದರ್ಯವನ್ನು ಸಾಧಿಸುವುದು ಬೀದಿಯ ಸ್ಕೇಟಿಂಗಿನ ಜೀವಾಳ. ಅದಕ್ಕಾಗಿಯೇ ಪದಕಗಳು ಬಂದ ಮೇಲೆಯೂ ಚಿತ್ರಗಳ ಗೌರವವು ಕುಂದಿಲ್ಲ.

ಉಳಿಯುವ ಪ್ರಶ್ನೆ

ಸ್ಕೇಟರುಗಳಿಗೆ ಊರ ಹೊರಗೆ ಒಂದು ಉದ್ಯಾನವನ್ನು ಕಟ್ಟಿಕೊಟ್ಟರೆ ಸಮಸ್ಯೆಯು ತೀರಿತೆಂದು ಭಾವಿಸುವ ಆಡಳಿತಗಾರರು ಬಹಳ. ಉದ್ಯಾನವು ಬೇಕಾದುದೇ, ಕಲಿಯುವ ಮಕ್ಕಳಿಗೆ ಅದು ಸುರಕ್ಷಿತವಾದ ನೆಲೆ. ಆದರೆ ತರುಣರನ್ನು ನಗರದ ಮಧ್ಯದಿಂದ ಅಂಚಿಗೆ ಸಾಗಿಸುವ ಸೌಜನ್ಯದ ವಿಧಾನವಾಗಿ ಅದನ್ನು ಬಳಸಿದರೆ, ಚೌಕವು ನೋಟಕ್ಕೆ ಶುಭ್ರವಾಗಬಹುದು, ಜೀವಂತವಾಗಲಾರದು.

ಮಾಡಬೇಕಾದುದು ಕಷ್ಟವಾದುದೇನಲ್ಲ ಎಂಬುದನ್ನು ಮೇಲೆ ಹೇಳಿದ ನಗರಗಳೇ ತೋರಿಸಿವೆ. ಅಂಚುಗಳಿಗೆ ಸವೆಯದ ಗಟ್ಟಿ ಗ್ರಾನೈಟನ್ನೋ ಉಕ್ಕಿನ ಪಟ್ಟಿಯನ್ನೋ ಮೊದಲೇ ಕೂರಿಸುವುದು, ಮನೆಗಳಿಗೆ ಹತ್ತಿರವಾದ ಕಡೆ ಹೊತ್ತನ್ನು ಗೊತ್ತುಮಾಡುವುದು, ನಡೆಯುವವರ ದಾರಿಯನ್ನು ನೆಲದ ವಿನ್ಯಾಸದಿಂದಲೇ ಬೇರ್ಪಡಿಸುವುದು, ಎಲ್ಲಕ್ಕೂ ಮಿಗಿಲಾಗಿ, ನಕ್ಷೆಯನ್ನು ಬರೆಯುವ ಮೊದಲು ಆ ಜಾಗವನ್ನು ದಿನವೂ ಬಳಸುವವರನ್ನು ಕರೆದು ಕೇಳುವುದು. ಸ್ಕೇಟರುಗಳ ಕರ್ತವ್ಯವೂ ಇದರಲ್ಲಿ ಅಡಗಿದೆ: ತಾವು ಬೇಡುವ ಸ್ಥಳವು ಇತರರದೂ ಹೌದೆಂಬುದನ್ನು ಮರೆಯದಿರುವುದು, ರಾತ್ರಿಯಾದಾಗ ನಿಲ್ಲಿಸುವುದು, ಮುರಿದುದನ್ನು ದುರಸ್ತಿಗೊಳಿಸುವುದು.

ಸಾರ್ವಜನಿಕ ಸ್ಥಳವೆಂದು ಫಲಕವನ್ನು ನೆಟ್ಟಮಾತ್ರದಿಂದ ಯಾವ ಸ್ಥಳವೂ ಸಾರ್ವಜನಿಕವಾಗುವುದಿಲ್ಲ. ಕೈಯಲ್ಲಿ ಕಾಸಿಲ್ಲದವನೂ, ಏನನ್ನೂ ಕೊಳ್ಳುವ ಉದ್ದೇಶವಿಲ್ಲದವನೂ, ಅಲ್ಲಿ ಒಂದು ಸಂಜೆಯನ್ನು ಕಳೆಯಲು ಅಧಿಕಾರವುಳ್ಳವನಾದಾಗ ಮಾತ್ರ ಅದಕ್ಕೆ ಆ ಹೆಸರು ಸಲ್ಲುತ್ತದೆ. ಬೀದಿಯ ಸ್ಕೇಟ್‌ಬೋರ್ಡ್ ಚಿತ್ರಗಳು ನಾಲ್ಕು ದಶಕಗಳಿಂದ, ಭಾಷಣವಿಲ್ಲದೆ, ಕೇವಲ ದೇಹದ ಚಲನೆಯಿಂದ, ಈ ಹಕ್ಕನ್ನು ಚಲಾಯಿಸಿ ತೋರಿಸುತ್ತ ಬಂದಿವೆ. ಮುಂದೆ ಯಾವುದೇ ನಗರವು ಹೊಸ ಚೌಕವನ್ನು ಹಾಸಲು ಹೊರಟಾಗ, ಅಲ್ಲಿ ಯಾರು ಯಾರು ಉಳಿಯಬಹುದು ಎಂಬ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಿಕೊಂಡರೆ, ಅದು ಸ್ಕೇಟರುಗಳಿಗೆ ಮಾತ್ರವಲ್ಲದೆ, ಆ ನಗರದ ಮಕ್ಕಳಿಗೂ ಮುದುಕರಿಗೂ ಬಡವರಿಗೂ ಉಪಕಾರವಾಗುವುದು.